ಇದರ ಯಜಮಾನ ಯಾರು ಎನ್ನುತ್ತಿದ್ದ ರೈಟರ್ ಮಾವ

ಮೊನ್ನೆ ಸುಧಾ ಕಾಲೇಜಿನ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಮೊರ ಇಟ್ಟುಕೊಂಡು ಹುರುಳಿಕಾಳು ಆರಿಸುತ್ತಿದ್ದೆ. ದೊಡ್ಡ ಕಂಪನಿಗಳಲ್ಲಿ ಬಂಡವಾಳ ಹಾಕಿದವರು ಬೇರೆ, ನಡೆಸುವವರು ಬೇರೆ, ದುಡಿಯುವವರು ಬೇರೆ, ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವುದಿಲ್ಲ ಎಂದು ಅದರಲ್ಲಿತ್ತು. ನನಗೆ ನಗು ಬಂತು. "ಯಾಕಜ್ಜಿ ನಗ್ತೀಯಾ? ನಿನಗೇನು ಅರ್ಥ ಆಯ್ತು?" ಎಂದಳು. ಅರ್ಥವಾಗಿತ್ತು. ಅದೇ ಪಾಠವನ್ನು ನಾನು ಅವಳ ವಯಸ್ಸಿಗಿಂತ ಮುಂಚೆಯೇ, ಹೊಳೆನರಸೀಪುರದ ಒಂದು ಜಗಲಿಯ ಮೇಲೆ, ಹಪ್ಪಳ ಲಟ್ಟಿಸುತ್ತಾ ಕೇಳಿದ್ದೆ. ಆದರೆ ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನ ಎದುರಿಗೆ ಕೂತರೆ ಎದ್ದು ಒಳಗೆ ಹೋಗುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ, ಮೊಮ್ಮಕ್ಕಳೆಲ್ಲರೂ ಓದಿಕೊಳ್ಳಿ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಅರಕಲಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು ನಾನು.

ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ನಮ್ಮ ಪಕ್ಕದ ಮನೆಯಲ್ಲಿ ಅವರಿದ್ದರು. ಕಾಫಿ ತೋಟಗಳಲ್ಲಿ ಲೆಕ್ಕಪತ್ರ, ಕಾಗದ ಬರೆಯುವ ಗುಮಾಸ್ತನಿಗೆ ಆಗ ರೈಟರ್ ಎನ್ನುತ್ತಿದ್ದರು. ಇವರು ಸಕಲೇಶಪುರದ ಆಚೆ ಒಂದು ದೊಡ್ಡ ಬಿಳಿಯರ ಕಂಪನಿಯ ತೋಟದಲ್ಲಿ ಹದಿನೆಂಟು ವರ್ಷ ರೈಟರಾಗಿದ್ದು, ಕೆಲಸ ಬಿಟ್ಟು ಊರಿಗೆ ಬಂದು ಕೂತಿದ್ದರು. ಊರಿಗೆಲ್ಲ ಅವರು ರೈಟರು, ನನಗೆ ರೈಟರ್ ಮಾವ. ಅವರ ಹೆಂಡತಿ ಪುಟ್ಟಮ್ಮತ್ತೆ. ಮಾವನ ಹೆಸರನ್ನು ನಾನು ಆಗಲೂ ಹೇಳಿದವಳಲ್ಲ, ಈಗಲೂ ಬರೆಯುವುದಿಲ್ಲ.

ಬೇಸಿಗೆಯಾಗಲಿ ಚಳಿಯಾಗಲಿ ಮೈಮೇಲೆ ಒಂದು ಕರಿಯ ಕೋಟು. ತೋಟದಿಂದ ತಂದದ್ದು ಅದೊಂದೇ ಎಂದು ಪುಟ್ಟಮ್ಮತ್ತೆ ಅಣಕಿಸುತ್ತಿದ್ದರು. ಯಾವ ಸಾಮಾನು ಕೈಗೆ ಬಂದರೂ ಅದನ್ನು ತಿರುಗಿಸಿ, ಚೀಟಿ ಓದಿ, "ಇದರ ಯಜಮಾನ ಯಾರು?" ಎಂದು ಕೇಳುವುದು ಅವರ ಅಭ್ಯಾಸ. ಬೆಂಕಿಪೆಟ್ಟಿಗೆ, ಸೋಪು, ಟೀಪುಡಿಯ ಪೊಟ್ಟಣ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಬಂದ ಹೊಸದರಲ್ಲಿ ಒಂದು ದಿನ ಸೀಮೆಎಣ್ಣೆ ಡಬ್ಬ ಹಿಡಿದು ಅವರ ಜಗಲಿ ದಾಟುತ್ತಿದ್ದೆ.

"ನಿಂತ್ಕೊ ಮಗಾ. ಆ ಡಬ್ಬದ ಯಜಮಾನನ್ನ ನೋಡಿದ್ದೀಯಾ?"

ನಾನು ತಲೆ ಬಗ್ಗಿಸಿ ನಿಂತೆ.

"ನಿಮ್ಮನೇಲಿ ನೀರಿನ ಮಡಕೆ ಅದೆಯಲ್ಲ, ಅದನ್ನ ಮಾಡಿದೋನು ಯಾರು?"

"ಕುಂಬಾರ ಕೆಂಚಯ್ಯ," ಎಂದೆ. ಅದು ನಾನು ಅವರೊಡನೆ ಆಡಿದ ಮೊದಲ ಮಾತು.

"ಮಡಕೆ ಸೋರಿದ್ರೆ ಏನ್ಮಾಡ್ತೀಯ?"

"ಕೆಂಚಯ್ಯನ ಮನೆ ಮುಂದೆ ನಿಂತ್ಕೊಂಡು ನಮ್ಮತ್ತೆ ಬೈತಾರೆ."

"ಡಬ್ಬ ಸೋರಿದ್ರೆ?"

ಬೈಯಲು ಒಂದು ಹೆಸರು ಹುಡುಕುತ್ತಾ ಡಬ್ಬವನ್ನು ತಿರುಗಿಸಿ ನೋಡಿದೆ. ಮಾವನಿಗೆ ಬಹಳ ಸಂತೋಷವಾಯಿತು. ಒಳಗಿನಿಂದ ಪುಟ್ಟಮ್ಮತ್ತೆ, "ಆ ಮಗೀನ ಬುಡ್ರೀ, ಡಬ್ಬ ಸೋರಾಕಿಲ್ಲ, ನಿಮ್ ಬಾಯೇ ಸೋರೋದು," ಎಂದು ಕೂಗಿದರು.

ಅವರಿಗೆ ಟಪಾಲಿನಲ್ಲಿ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು ಬರುತ್ತಿದ್ದವು. ಅದರಲ್ಲಿದ್ದುದನ್ನು ಕೇಳುವವರು ಬೀದಿಯ ಗಂಡಸರಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಮಧ್ಯಾಹ್ನ ಕೆಲಸ ಮಾಡುತ್ತಾ ಕೂತ ಹೆಂಗಸರಿಗೆ ಹೇಳುತ್ತಿದ್ದರು. ಕೈಗೆ ಕೆಲಸವಿದ್ದರೆ ಕಿವಿ ಖಾಲಿ ಇರುತ್ತದಲ್ಲ, ನಾವು ಕೇಳುತ್ತಿದ್ದೆವು. ದೊಡ್ಡ ಕಂಪನಿ ಎಂದರೆ ಒಬ್ಬ ಮನುಷ್ಯ ಅಲ್ಲ, ಅದಕ್ಕೆ ಹೊಟ್ಟೆಯಿದೆ, ಮುಖವಿಲ್ಲ ಎನ್ನುತ್ತಿದ್ದರು. ಮನುಷ್ಯನಾದರೆ ಉಂಡ ಮೇಲೆ ಸಾಕು ಎನ್ನುತ್ತಾನೆ, ಕಂಪನಿಗೆ ಸಾಕು ಎನ್ನುವ ಮಾತೇ ಗೊತ್ತಿಲ್ಲ, ಬೆಳೆಯುವುದು ನಿಂತರೆ ಅದು ಸಾಯುತ್ತದೆ, ಅದಕ್ಕೇ ಪಕ್ಕದ ಸಣ್ಣದನ್ನು ನುಂಗುತ್ತದೆ ಎನ್ನುತ್ತಿದ್ದರು. ಪಾಲು ಇಟ್ಟವನು ಕೆಲಸ ಮಾಡುವುದಿಲ್ಲ, ಕೆಲಸ ಮಾಡುವವನಿಗೆ ಪಾಲಿಲ್ಲ, ನಡುವೆ ಅಧಿಕಾರ ನಡೆಸುವ ದೊರೆಯೂ ಸಂಬಳದವನೇ. ಕೆಲವು ಪುಸ್ತಕಗಳಲ್ಲಿ ಇವನ್ನೆಲ್ಲ ಸರ್ಕಾರವೇ ತೆಗೆದುಕೊಳ್ಳಬೇಕು ಎಂದು ಬರೆದಿತ್ತಂತೆ. ಮಾವ ಅದನ್ನು ಒಪ್ಪುತ್ತಿರಲಿಲ್ಲ. "ಅದೂ ಮುಖ ಇಲ್ದಿದ್ದೇ. ದುಡಿಯೋ ಕೈಗೂ ಬೇಕು ಬ್ಯಾಡ ಅನ್ನೋ ಬಾಯಿಗೂ ಒಂದೇ ಮೈ ಇರ್ಬೇಕು, ಅಷ್ಟೇಯ," ಎನ್ನುತ್ತಿದ್ದರು.

"ನಮ್ ಮೈಗೆ ಎರಡೂ ಅವೆ, ಆದ್ರೂ ಯಾರೂ ಕೇಳಾಕಿಲ್ವಲ್ಲ ರೈಟ್ರಣ್ಣ," ಎಂದು ಗೌರಮ್ಮ ಒಮ್ಮೆ ಅಂದದ್ದು ನೆನಪಿದೆ. ಗೌರಮ್ಮ ಬೀದಿಯ ಕೊನೆಯ ಮನೆಯವರು. ಗಂಡ ತೀರಿಕೊಂಡು ಒಬ್ಬರೇ ಇದ್ದರು. ಹಪ್ಪಳದಲ್ಲಿ ಅವರ ಕೈ ಮೀರಿಸಿದವರು ಇರಲಿಲ್ಲ.

ಇಲ್ಲಿ ನಿಮಗೆ ಮುಯ್ಯಿಯ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಹಪ್ಪಳ ಮಾಡುವುದು ಒಬ್ಬರ ಕೆಲಸವಲ್ಲ. ಉದ್ದಿನ ಹಿಟ್ಟು ಕಲೆಸಿ ಒರಳಿಗೆ ಹಾಕಿ ಕುಟ್ಟಬೇಕು, ಉಂಡೆ ಮಾಡಬೇಕು, ಒಣಗುವ ಮುಂಚೆ ಲಟ್ಟಿಸಬೇಕು. ಇವತ್ತು ಬೀದಿಯ ಹೆಂಗಸರೆಲ್ಲ ನಮ್ಮ ಮನೆಗೆ ಬಂದು ಲಟ್ಟಿಸಿದರೆ, ನಾಳೆ ನಾವು ಅವರ ಮನೆಗೆ ಹೋಗಿ ಲಟ್ಟಿಸಬೇಕು. ಕೂಲಿ ಇಲ್ಲ, ಕೈಗೆ ಕೈ. ಅದೇ ಮುಯ್ಯಿ. ನಾವು ಒಂಬತ್ತು ಜನ ಹೆಂಗಸರು, ನಾನೂ ನಮ್ಮತ್ತೆಯೂ ಒಂದೇ ಮನೆಯವರಾದ್ದರಿಂದ ಎಂಟು ಮನೆ.

ಮಾವ ಇದನ್ನು ಅನೇಕ ವರ್ಷ ನೋಡಿದ್ದರು. ಒಂದು ದಿನ ಪುಸ್ತಕ ಮಡಚಿಟ್ಟು, "ನಾನು ಹುಡುಕ್ತಿರೋದು ಇಲ್ಲೇ ಅದೆಯಲ್ಲೇ ಪುಟ್ಟಮ್ಮಾ," ಎಂದು ಹೆಂಡತಿಯನ್ನು ಕರೆದರು. ಹಾಸನದ ಒಂದು ಹೋಟೆಲಿನವರನ್ನು ಅವರೇ ಹೋಗಿ ಮಾತಾಡಿಸಿ ಬಂದರು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ತಗಡಿನ ಡಬ್ಬಗಳಲ್ಲಿ ತುಂಬಿ ರೈಲಿಗೆ ಹಾಕತೊಡಗಿದೆವು. ಬಂದದ್ದು ಎಲ್ಲರಿಗೂ ಸಮ. ಗೌರಮ್ಮನ ಒಲೆ ಆಮೇಲೆ ಅದರಿಂದಲೇ ಉರಿಯುತ್ತಿತ್ತು.

ಇದಕ್ಕೆ ಮಾವ ತಮ್ಮ ಮುತ್ತಿನಂಥ ಅಕ್ಷರದಲ್ಲಿ ನಿಯಮ ಬರೆದು ಪುಟ್ಟಮ್ಮತ್ತೆಯ ನಡುಮನೆ ಗೋಡೆಗೆ ಅಂಟಿಸಿದರು. ಮೊದಲನೆಯದು: ಎಂಟು ಮನೆಯ ಮುಯ್ಯಿ ತೀರಿಸಿ ಲಟ್ಟಿಸಿದವರಿಗೆ ಮಾತು, ಲಟ್ಟಿಸದವರಿಗೆ ಮಾತಿಲ್ಲ. ಎರಡನೆಯದು: ಎಲ್ಲರ ಮಾತೂ ಒಂದೇ ತೂಕ. ನಮ್ಮಲ್ಲಿ ಓದು ಬಲ್ಲವರು ಕಡಿಮೆಯಾದ್ದರಿಂದ ಏನಾದರೂ ತೀರ್ಮಾನ ಮಾಡಬೇಕಾದಾಗ ಪ್ರತಿಯೊಬ್ಬರಿಗೂ ಒಂದು ಅವರೆಕಾಳು, ಒಂದು ಹುರುಳಿಕಾಳು (ಬೀದಿಯವರ ಬಾಯಲ್ಲಿ ಉಳ್ಳಿಕಾಳು) ಕೊಡುವುದು. ಬೇಕು ಎನ್ನುವವರು ಅವರೆಯನ್ನು, ಬೇಡ ಎನ್ನುವವರು ಹುರುಳಿಯನ್ನು ಸಣ್ಣ ಬಾಯಿಯ ಗಡಿಗೆಗೆ ಹಾಕುವುದು. ಕೈಯಲ್ಲಿ ಉಳಿದ ಕಾಳನ್ನು ಯಾರಿಗೂ ತೋರಿಸುವ ಹಾಗಿಲ್ಲ, ಯಾರೂ ಕೇಳುವ ಹಾಗಿಲ್ಲ. ಎಣಿಸುವ ಕೆಲಸ ನನ್ನದು. "ಇವಳು ಬಾಯಿ ಬಿಡೋಳಲ್ಲ," ಎಂದು ಮಾವನೇ ನನ್ನನ್ನು ಗೊತ್ತು ಮಾಡಿದ್ದು.

ಯುದ್ಧದ ಕಾಲ ಬಂತು. ಉದ್ದು ಪೇಟೆಯಲ್ಲಿ ಕಾಣದಾಯಿತು. ಆಗ ಹಾಸನದಿಂದ ಒಬ್ಬ ಸಾಹುಕಾರರು ಸ್ಟೇಷನ್ನಿನಿಂದ ಜಟಕಾ ಮಾಡಿಕೊಂಡು ನಮ್ಮ ಬೀದಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ನಗುಮುಖದವರು. ನಮ್ಮ ಹಪ್ಪಳವನ್ನು ಹೋಟೆಲಿನಲ್ಲಿ ತಿಂದು ಹುಡುಕಿಕೊಂಡು ಬಂದಿದ್ದರು.

"ನೋಡ್ರವ್ವ, ಉದ್ದು ನಾವು ಕೊಡ್ತೀವಿ, ಮೆಣಸು ನಾವು ಕೊಡ್ತೀವಿ, ಎಣ್ಣೆ ನಾವು ಕೊಡ್ತೀವಿ. ನೀವು ಲಟ್ಟಿಸಿ ಕೂಲಿ ಈಸ್ಕೊಳ್ಳಿ. ಮೇಲೆ ಅಂಟ್ಸಾಕೆ ಬಣ್ಣದ ಚೀಟಿ ಬತ್ತದೆ. ಆದ್ರೆ ಒಂದು ಮಾತು, ಬ್ಯಾರೆಯೋರಿಗೆ ಒಂದು ಹಪ್ಪಳಾನೂ ಮಾರಂಗಿಲ್ಲ. ಚನ್ನರಾಯಪಟ್ಟಣ, ಅರಕಲಗೂಡು, ಎಲ್ಲಾ ಕಡೆ ಹೆಂಗಸ್ರು ಸೇರ್ತಾವ್ರೆ. ಹತ್ತು ದಿನ ಬಿಟ್ಟು ಬತ್ತೀನಿ, ಯೋಚ್ನೆ ಮಾಡಿ."

ಉದ್ದು ಎಂದ ಕೂಡಲೇ ಎಲ್ಲರ ಮುಖ ಅರಳಿತು. ನಮ್ಮತ್ತೆಯಂತೂ ಅವತ್ತೇ ಒರಳು ತೊಳೆದಿಟ್ಟರು. ಸಾಹುಕಾರರ ಜಟಕಾ ತಿರುಗುವ ಮೊದಲೇ ಮಾವ ಜಗಲಿಯಿಂದ ಎದ್ದು ನಿಂತು, "ಇದು ಆಗಕೂಡದು," ಎಂದು ಶುರು ಮಾಡಿದರು.

ಗೌರಮ್ಮ ಮೆತ್ತಗೆ, "ರೈಟ್ರಣ್ಣ, ತಪ್ಪು ತಿಳ್ಕೋಬ್ಯಾಡಿ. ನೀವು ಲಟ್ಟಿಸಿಲ್ವಲ್ಲ," ಎಂದರು.

ಮಾವ ಹಿಂದಕ್ಕೆ ತಿರುಗಿದರು. ತೆರೆದ ಬಾಗಿಲಲ್ಲಿ ನಡುಮನೆ ಗೋಡೆಯ ಮೇಲಿನ ತಮ್ಮದೇ ಅಕ್ಷರವನ್ನು ನೋಡಿದರು. ಹಪ್ಪಳದ ಮಣೆಯ ಮುಂದೆ ಗಂಡಸು ಕೂರುವುದಿಲ್ಲ ಎಂಬುದನ್ನು ನಿಯಮ ಬರೆಯುವಾಗ ಅವರು ಯೋಚಿಸಿಯೇ ಇರಲಿಲ್ಲ. ತಮ್ಮನ್ನು ತಾವೇ ಹೊರಗೆ ಹಾಕಿಕೊಂಡಿದ್ದರು. ನಾವೇ ಬೇಕಾದರೆ ನಿಯಮ ಸಡಿಲಿಸೋಣ ಎಂದು ಪುಟ್ಟಮ್ಮತ್ತೆ ಹೇಳಿದಾಗ ಅವರು ಒಪ್ಪಲಿಲ್ಲ.

ಮಾರನೆಯ ಬೆಳಿಗ್ಗೆ, ಮನೆಗಳಲ್ಲಿ ಉಳಿದಿದ್ದ ಉದ್ದಿನಲ್ಲೇ ಹಪ್ಪಳ ಮಾಡಲು ನಾವು ಮೊದಲನೆಯ ಮನೆಯಲ್ಲಿ ಕೂತಿದ್ದಾಗ ಕರಿಕೋಟಿನ ತೋಳು ಮಡಚಿಕೊಂಡು ಮಾವ ಬಂದರು. ಕಂಕುಳಲ್ಲಿ ಮಣೆ, ಕೈಯಲ್ಲಿ ಲಟ್ಟಣಿಗೆ. "ಎಂಟು ಮನೆ, ಎಂಟು ದಿನ. ಮುಯ್ಯಿಗೆ ಬಂದಿದ್ದೀನಿ," ಎಂದು ಕೂತೇಬಿಟ್ಟರು. ಅವರಿಗಾಗಿ ಒಂದು ಉಂಡೆ ಕೊಟ್ಟೆವು. ಲಟ್ಟಿಸಿ ಎತ್ತಿದರು. ಒಂದು ಕಡೆ ಕಾಗದದ ಹಾಗೆ, ಇನ್ನೊಂದು ಕಡೆ ರೊಟ್ಟಿಯ ಹಾಗೆ, ಸುತ್ತ ಮೂಲೆಮೂಲೆ.

ಪುಟ್ಟಮ್ಮತ್ತೆ ಅದನ್ನು ಬೆಳಕಿಗೆ ಹಿಡಿದು, "ಏನ್ರೀ ಇದು, ಅಳತೆ ಆಫೀಸಿನ ನಕಾಸೆ ಇದ್ದಂಗದೆ! ಯಾವ ತಾಲ್ಲೂಕು ಇದು?" ಎಂದರು.

ಮಾವ ನನ್ನ ಕಡೆ ನೋಡಿ, "ಅರಕಲಗೂಡು," ಎಂದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಹೊಳೆಗೆ ಹೋಗುವ ಗಂಡಸರು ಬಾಗಿಲಲ್ಲಿ ನಿಂತು ನೋಡಿ ಹೋಗತೊಡಗಿದರು. "ಏನ್ ರೈಟ್ರೇ, ಪೆನ್ನು ಬುಟ್ಟು ಲಟ್ಟಣಿಗೆ ಇಡ್ಕಂಡ್ರಾ?" ಎಂದು ಒಬ್ಬ ಕೇಳಿದ.

"ಹೂಂ ಕಣಯ್ಯ. ಇದ್ರಲ್ಲಿ ಬರೆದದ್ದನ್ನ ತಿನ್ಬೋದು," ಎಂದರು ಮಾವ, ತಲೆ ಎತ್ತದೆ.

ಐದನೆಯ ದಿನ ಗೌರಮ್ಮನ ಮನೆಯ ಸರದಿ. ಅಷ್ಟು ಹೊತ್ತಿಗೆ ಮಾವನ ಹಪ್ಪಳ ಸುಮಾರು ದುಂಡಗಾಗಿತ್ತು. ಲಟ್ಟಿಸುತ್ತಾ ಲಟ್ಟಿಸುತ್ತಾ, ಯಾರೂ ಕೇಳದೆ, ತಾವೇ ಒಂದು ಸಂಗತಿ ಹೇಳಿದರು. ಅಷ್ಟು ವರ್ಷ ಪುಸ್ತಕದ ಮಾತು ಹೇಳಿದ್ದರು, ಇದನ್ನು ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ತೋಟದ ಕಂಪನಿಯ ಕಛೇರಿ ಇದ್ದದ್ದು ಲಂಡನ್ನಿನಲ್ಲಿ. ಹದಿನೆಂಟು ವರ್ಷ ಅಲ್ಲಿಗೆ ಕಾಗದ ಬರೆದದ್ದು ಮಾವ. ಯಾರಿಗೆ ಬರೆಯುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಉತ್ತರಗಳಿಗೆ ಒಂದೊಂದು ಸಲ ಒಬ್ಬೊಬ್ಬರ ಸಹಿ, ಆದರೆ ವಾಕ್ಯಗಳು ಮಾತ್ರ ಅವೇ. ಕಾಫಿಯ ಧಾರಣೆ ಬಿದ್ದ ವರ್ಷ ಒಂದು ಕಾಗದ ಬಂತು: ಆಳುಗಳಲ್ಲಿ ಅರವತ್ತು ಜನರನ್ನು ತೆಗೆದು ಪಟ್ಟಿ ಕಳಿಸಿ. ತೋಟ ನೋಡಿಕೊಳ್ಳುತ್ತಿದ್ದ ಬಿಳಿ ದೊರೆ ಕಣ್ಣೀರು ಹಾಕಿದನಂತೆ, ಆದರೆ ಆಗದು ಎನ್ನಲಿಲ್ಲ, ಅವನೂ ಸಂಬಳದವನು. ಪಟ್ಟಿ ಬರೆದದ್ದು ಮಾವ. ಒಬ್ಬೊಬ್ಬರೂ ಗೊತ್ತಿದ್ದವರು, ಅವರ ಮಕ್ಕಳ ಹೆಸರೂ ಗೊತ್ತು. ಅರವತ್ತನ್ನೂ ಬರೆದ ಮೇಲೆ ಕೈ ನಿಲ್ಲಲಿಲ್ಲವಂತೆ, ಅರವತ್ತೊಂದನೆಯದಾಗಿ ತಮ್ಮ ಹೆಸರನ್ನೇ ಬರೆದರು. ಯಾರಾದರೂ ಓದಿ, ಇದೇನು ಎಂದು ಕೇಳಲಿ ಎಂಬ ಆಸೆ.

"ಯಾರೂ ಕೇಳ್ಲಿಲ್ಲ," ಎಂದರು ಮಾವ. "ಪಟ್ಟಿ ಮಂಜೂರಾಗಿದೆ ಅಂತ ಕಾಗದ ಬಂತು. ಹದಿನೆಂಟು ವರ್ಷ ಬರೆದೋನ ಹೆಸರು ಅವರಿಗೆ ಗೊತ್ತಾಗ್ಲಿಲ್ಲ. ಕೋಟು ಹಾಕ್ಕೊಂಡು ಬಂದುಬಿಟ್ಟೆ."

ಲಟ್ಟಣಿಗೆಗಳೆಲ್ಲ ನಿಂತಿದ್ದವು. ಪುಟ್ಟಮ್ಮತ್ತೆ ತಮ್ಮ ಪಾಲಿನ ಉಂಡೆಗಳಲ್ಲಿ ಎರಡನ್ನು ಗಂಡನ ತಟ್ಟೆಗೆ ಹಾಕಿ, "ಲಟ್ಟಿಸಿ, ಒಣಗೋಗ್ತವೆ," ಎಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸ್ವಲ್ಪ ಹೊತ್ತಿನ ಮೇಲೆ ಹಿಟ್ಟು ಸಾಲದಾಯಿತು. ಗೌರಮ್ಮ ಒಳಗೆ ಉದ್ದಿನ ಡಬ್ಬ ಕೆರೆಯುವ ಶಬ್ದ ಬಂತು. ಎತ್ತಿ ಕೊಡಲು ಮಾವ ಎದ್ದು ಹೋದರು. ತಿರುಗಿ ಬಂದವರು ಆಮೇಲೆ ಅವತ್ತು ಮಾತಾಡಲಿಲ್ಲ.

ಹತ್ತನೆಯ ದಿನ ಸಾಹುಕಾರರು ಬಂದರು. ಹೆಂಗಸರೆಲ್ಲ ಪುಟ್ಟಮ್ಮತ್ತೆಯ ನಡುಮನೆಯಲ್ಲಿ, ನಾನು ಬಾಗಿಲ ಮರೆಯಲ್ಲಿ ಗಡಿಗೆ ಹಿಡಿದುಕೊಂಡು. ಮಾವ ಮುಯ್ಯಿ ತೀರಿಸಿದ ಹತ್ತನೆಯ ಆಳಾಗಿ ಗೋಡೆಗೆ ಒರಗಿ ಕೂತಿದ್ದರು, ಒಂದು ಮಾತಾಡದೆ. ಅವರ ಭಾಷಣಕ್ಕೆ ಕಾದಿದ್ದವರಿಗೆ ಆಶ್ಚರ್ಯ. ಸಾಹುಕಾರರು ಮತ್ತೆ ಎಲ್ಲ ವಿವರಿಸಿದರು. ನನಗೆ ಮಾವ ಮೊದಲ ದಿನ ಕೇಳಿದ ಡಬ್ಬದ ಮಾತು ನೆನಪಾಯಿತು. ಹೊರಗಿನವರ ಎದುರು ಬಾಯಿಬಿಡುವುದು ನನ್ನಿಂದಾಗದು, ಗೌರಮ್ಮನ ಕಿವಿಯಲ್ಲಿ ಹೇಳಿದೆ. ಅವರು ಗಟ್ಟಿಯಾಗಿ ಅಂದರು:

"ಉದ್ದು ಕೆಟ್ಟು ಬಂದ್ರೆ ಯಾರ್ ತಾವ ಏಳ್ಬೇಕು ಅಂತ ಕೇಳ್ತಾವ್ಳೆ, ಈ ಹುಡ್ಗಿ. ನಿಮ್ ಮನೆ ತಾವ ಬಂದು ಬೈಬೌದಾ?"

ಸಾಹುಕಾರರು ನಕ್ಕರು. "ನನ್ನ ಬೈದು ಏನ್ಮಾಡ್ತೀರವ್ವ? ನಾನು ಬರೀ ಏಜೆಂಟು. ಕಂಪನಿ ಬೊಂಬಾಯಲ್ಲಿ ಅದೆ. ಅಲ್ಲಿಗೆ ಒಂದು ಕಾಗ್ದ ಬರೀರಿ. ಬರಿಯೋಕೆ ಇಲ್ಲೇ ಅವ್ರಲ್ಲ, ರೈಟ್ರು!"

ಯಾರೂ ನಗಲಿಲ್ಲ. ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಉಗುರಿನಲ್ಲಿ ಅಂಟಿದ್ದ ಹಿಟ್ಟನ್ನು ಕೆರೆದುಕೊಳ್ಳುತ್ತಿದ್ದರು.

ಗಡಿಗೆ ಸುತ್ತು ಬಂತು. ಹತ್ತು ಕೈ ಅದರ ಬಾಯಿಯ ಮೇಲೆ ಬಂದು ಹೋದವು. ಮೊರದ ಮೇಲೆ ಸುರಿದೆ. ಒಂಬತ್ತು ಹುರುಳಿ, ಒಂದು ಅವರೆ.

ಸಾಹುಕಾರರು ಬೇಸರಪಡಲಿಲ್ಲ, ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಆ ಒಂದು ಅವರೆ ಯಾರದ್ದೆಂಬ ಗುಸುಗುಸು ಶುರುವಾಯಿತು. ಕೇಳಬಾರದೆಂದು ನಿಯಮ, ಆದರೆ ಊಹಿಸಬಾರದೆಂದು ಬರೆದಿರಲಿಲ್ಲವಲ್ಲ. ಮಾತಾಡದವಳು ನಾನೊಬ್ಬಳೇ. ಸುಮ್ಮನಿದ್ದದ್ದಕ್ಕೆ, ಕೆಟ್ಟ ಉದ್ದಿನ ಪ್ರಶ್ನೆ ನನ್ನದೇ ಎಂಬುದನ್ನೂ ಮರೆತು, ಎಲ್ಲರೂ ನನ್ನ ಮೇಲೆ ಹಾಕಿದರು. ನಮ್ಮತ್ತೆಯೇ, "ನಮ್ಮನೇಲೇ ಇದ್ಕಂಡು ಇಂಗ್ ಮಾಡ್ದಲ್ಲೇ, ಅವ್ರೆಕಾಳು!" ಎಂದು ಕೆನ್ನೆ ಹಿಂಡಿದರು. ಅಲ್ಲಿಂದ ನನ್ನ ಹೆಸರೇ ಅವರೆಕಾಳು ಎಂದಾಯಿತು. ನಿಮ್ಮ ತಾತನೂ ನಗುವಾಗ ಹಾಗೇ ಕರೆಯುತ್ತಿದ್ದರು. ಯಾಕೆಂದು ನೀವು ಕೇಳುತ್ತಿದ್ದಿರಲ್ಲ, ಇದಕ್ಕೆ.

ಎರಡು ದಿನ ಕಳೆದು ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಮಾವ ಬೇಲಿಯ ಆಚೆ ಬಂದು ನಿಂತರು.

"ಮಗಾ, ಆ ಅವರೆಕಾಳು ನಂದು."

ನಾನು ಒದ್ದೆ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಬೇಲಿಯ ಹತ್ತಿರ ಹೋದೆ.

"ಅವತ್ತು ಗೌರಮ್ಮನ ಡಬ್ಬದೊಳಕ್ಕೆ ಬಗ್ಗಿ ನೋಡ್ದೆ. ತಳ ಕಾಣ್ತಿತ್ತು. ನನ್ನ ಪುಸ್ತಕ ಬರೆದೋರು ಯಾರೂ ಆ ಡಬ್ಬದೊಳಗೆ ಬಗ್ಗಿದೋರಲ್ಲ. ಕಂಪನಿ ಬಗ್ಗೆ ನಾನಂದದ್ದು ಸುಳ್ಳಲ್ಲ ಮಗಾ. ಆದ್ರೆ ಉದ್ದು ತರೋ ಕೈ ಅದಕ್ಕಿತ್ತು, ನಮಗಿರ್ಲಿಲ್ಲ. ಕಾಗದ ನೋಡ್ಕೊಂಡು ಅರವತ್ತು ಒಲೆ ಆರಿಸಿದೋನು ನಾನು. ಪುಸ್ತಕ ನೋಡ್ಕೊಂಡು ಅವಳ ಒಲೆಯನ್ನೂ ಆರಿಸಲಾ?" ಬೇಲಿಯ ಮೇಲೆ ಕೈಯಿಟ್ಟು, "ನೋಡಿದ್ರೆ ಅವಳೇ ಬ್ಯಾಡ ಅಂದವ್ಳೆ! ನಾನು ಸೋತೆ, ನನ್ನ ಮಾತು ಗೆಲ್ತು. ಇಂಥ ಸುಖ ನನಗೆ ಯಾವತ್ತೂ ಸಿಕ್ಕಿರ್ಲಿಲ್ಲ," ಎಂದು ನಕ್ಕರು. "ನಿನ್ನ ಆಡ್ಕೋತಾವ್ರೆ. ಈಗಲೇ ಎಲ್ರಿಗೂ ಹೇಳ್ಬಿಡ್ತೀನಿ."

"ಹೇಳ್ಬ್ಯಾಡಿ ಮಾವ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅವರೆಲ್ಲ ನಿಮ್ಮ ಕಥೆ ಕೇಳಿ ಬ್ಯಾಡ ಅಂದವ್ರೆ. ನೀವೇ ಬೇಕು ಅಂದ್ರಿ ಅಂತ ಗೊತ್ತಾದ್ರೆ ಮನಸ್ಸು ಅಲ್ಲಾಡ್ತದೆ. ನನಗೆ ಮಾತಾಡಾಕೆ ಬರಾಕಿಲ್ಲ. ಸುಮ್ನಿರಾಕೆ ಬತ್ತದೆ."

ಮಾವ ಕೈಮುಗಿಯುವವರ ಹಾಗೆ ಕೈ ಎತ್ತಿ, ಹಾಗೇ ಇಳಿಸಿ ಹೊರಟುಹೋದರು.

ಉದ್ದಿನ ಯೋಚನೆ ಮಾತ್ರ ಉಳಿಯಿತು. ಅದನ್ನು ಬಿಡಿಸಿದವರು ಪುಟ್ಟಮ್ಮತ್ತೆ. "ಉದ್ದಿಲ್ದೆ ಹೋದ್ರೆ ಆಲೂಗಡ್ಡೆ ಇಲ್ವಾ? ನಮ್ ಸೀಮೇಲಿ ಅದಕ್ಕೇನು ಬರ?" ಎಂದರು. ಸಾಲಗಾಮೆಯ ಕಡೆಯಿಂದ, ಕಟ್ಟಾಯದ ಕಡೆಯಿಂದ ಮೂಟೆ ತರಿಸಿದೆವು. ಬೇಯಿಸಿ ಕುಟ್ಟಿ ಲಟ್ಟಿಸಿದ ಮೊದಲ ಹಪ್ಪಳಗಳು ಬಿಸಿಲಿಗೆ ಬಿರಿದು ಚೂರಾದವು. ಗೌರಮ್ಮ ಹಟ ಹಿಡಿದು ಮೂರನೆಯ ಸಲಕ್ಕೆ ಹದ ಕಂಡರು. ಹೋಟೆಲಿನವರು ಇನ್ನಷ್ಟು ಕಳಿಸಿ ಎಂದರು. ನಿಮ್ಮಪ್ಪ ಹುಟ್ಟಿ ಶಾಲೆಗೆ ಸೇರುವವರೆಗೂ ನಮ್ಮ ಮುಯ್ಯಿ ನಡೆಯಿತು. ಆಮೇಲೆ ಒಬ್ಬೊಬ್ಬರ ಕೈ ಸೋತು ತಾನಾಗಿ ನಿಂತಿತು. ಅದನ್ನು ಯಾರೂ ನುಂಗಲಿಲ್ಲ. ಮಾವ ಕೊನೆಯವರೆಗೂ ಮುಯ್ಯಿಗೆ ಬರುತ್ತಿದ್ದರು. ಅವರ ಹಪ್ಪಳಗಳನ್ನು ಮಾತ್ರ ನಾವು ಹೋಟೆಲಿಗೆ ಕಳಿಸದೆ ಮನೆಗೆ ಇಟ್ಟುಕೊಳ್ಳುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಮಾವ ಕಾಯಿಲೆ ಎಂದು ಹೆಚ್ಚು ದಿನ ಮಲಗದೆ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಪುಟ್ಟಮ್ಮತ್ತೆಯ ಜೊತೆ ಕೂತಿದ್ದೆ. ಗೂಟದ ಮೇಲೆ ಕರಿಕೋಟು ಹಾಗೇ ಇತ್ತು. ಅತ್ತೆ ಅದನ್ನೇ ನೋಡುತ್ತಾ, "ಅವ್ರೆಕಾಳು ಅವ್ರೆಕಾಳು ಅಂತ ಊರೆಲ್ಲ ನಿನ್ನ ಕರೀತಲ್ಲೇ. ನೀನು ಒಂದ್ ದಿನಾನೂ ಅಲ್ಲ ಅನ್ಲಿಲ್ವಲ್ಲ," ಎಂದರು.

ನಾನು ನೀರು ತರುವ ನೆಪದಲ್ಲಿ ಏಳಲು ಹೋದೆ.

"ಸುಮ್ನಿರು, ನಂಗೆ ಆವತ್ತೇ ಗೊತ್ತಿತ್ತು. ಗಡಿಗೆಗೆ ಕಾಳು ಹಾಕಿದ ಮಾರನೇ ದಿನ ಕೋಟು ಒಗೆಯಾಕೆ ಹೊಳೆಗೆ ತಗಂಡೋಗಿದ್ದೆ. ತೋಳೆಲ್ಲ ಹಪ್ಪಳದ ಇಟ್ಟು, ಎಣ್ಣೆ. ಜೇಬಿಗೆ ಕೈ ಹಾಕಿದ್ರೆ ಉಳ್ಳಿಕಾಳು! ಉಳ್ಳಿ ಜೇಬಲ್ಲಿ ಉಳಿದ್ಮೇಲೆ ಅವ್ರೆ ಎಲ್ಲಿಗೋಯ್ತು ಅಂತ ನಂಗೆ ಲೆಕ್ಕ ಬರಾಕಿಲ್ವಾ?"

"ಅವರನ್ನ ಕೇಳಿದ್ರಾ ಅತ್ತೆ?"

"ಕೇಳಬಾರ್ದು ಅಂತ ಅವ್ರೇ ಗೋಡೆ ಮ್ಯಾಲೆ ಬರ್ದಿದ್ರಲ್ಲ."

"ಆ ಕಾಳನ್ನ ಏನ್ಮಾಡಿದ್ರಿ?"

"ಮಾಡೋದೇನು? ಅವತ್ತು ಉಳ್ಳಿ ಸಾರು ಮಾಡಿದ್ದೆ, ಅದ್ರೊಳಕ್ಕೇ ಹಾಕ್ಬುಟ್ಟೆ. ಅವ್ರೇ ಉಂಡ್ರು. ಸಾರು ಚೆಂದಾಗದೆ ಅಂದ್ರು."